ಅಕ್ಬರಬಿಯ ಕೈಯೆತ್ತರ

ಆ ವರ್ಷ ಮೋಟೆಬೆನ್ನೂರಿನ ಎರೆಹೊಲಗಳಲ್ಲಿ ಅಬ್ದುಲರಜಾಕನ ಜೋಳದಷ್ಟು ಎತ್ತರದ ಬೆಳೆ ಇನ್ನೊಬ್ಬರದಿರಲಿಲ್ಲ. ಆನೆ ಹೊಕ್ಕರೂ ಕಾಣದು, ಅಂಥ ಬೆಳೆ. ಹೆದ್ದಾರಿಯ ಲಾರಿಯವರು ಕೂಡ ವೇಗ ಇಳಿಸಿ ನೋಡಿಕೊಂಡು ಹೋಗುತ್ತಿದ್ದರು. ಹಾದಿಯಲ್ಲಿ ಸಿಕ್ಕವರು "ಏನ ರಜಾಕಣ್ಣ, ಜ್ವಾಳ ಮುಗಲಿಗೆ ಮುಟ್ಟಸಾಂವ ಇದ್ದೀ ಏನ?" ಎಂದು ಕೇಳಿದರೆ ಅವನು ಬಾಯಿ ಬಿಡದೆ ಮೀಸೆಯಲ್ಲೇ ನಗುತ್ತಿದ್ದ. ಅದು ಡಿಸೆಂಬರಿನ ಮಾತು. ಜನವರಿ ಮುಗಿಯುವ ಹೊತ್ತಿಗೆ ಆ ನಗು ಎಲ್ಲಿ ಹೋಯಿತೋ ಅಲ್ಲಾಹನಿಗೇ ಗೊತ್ತು.

ಸಂಕ್ರಾಂತಿ ಕಳೆದು ವಾರವಾಗಿರಲಿಲ್ಲ, ಬಿಸಿಲು ಯುಗಾದಿಯ ಬಿಸಿಲಿನಂತೆ ಕುಟ್ಟತೊಡಗಿತು. ದೀಪಾವಳಿಯಿಂದ ಈಚೆ ಒಂದು ಹನಿ ಬಿದ್ದಿರಲಿಲ್ಲ. ಎರೆಮಣ್ಣು ಅಂಗೈ ತೂರುವಷ್ಟು ಬಿರುಕು ಬಿಟ್ಟಿತು. ಅಬ್ದುಲರಜಾಕ ಹೊಲದ ನಡುವೆ ನಿಂತು, ಕೈ ಎತ್ತಿ, ಒಂದು ದಂಟನ್ನು ಬಗ್ಗಿಸಿ ತೆನೆ ಕಿತ್ತ. ಅವನು ಊರಿಗೇ ಉದ್ದನೆಯ ಆಳು, ಅಂಥವನಿಗೂ ಬಗ್ಗಿಸದೆ ಸಿಗುವಂತಿರಲಿಲ್ಲ. ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಊದಿದ. ಎಲ್ಲ ಹಾರಿಹೋಯಿತು. ಉಳಿದದ್ದು ಆರೋ ಏಳೋ ಕಾಳು, ಅವೂ ಜೀರಿಗೆಯಷ್ಟು ಸಣ್ಣವು. ಇನ್ನೊಂದು ಕಿತ್ತ, ಅದೂ ಜೊಳ್ಳು. ಹತ್ತು ಕಿತ್ತ ಮೇಲೆ ಕೀಳುವುದನ್ನು ಬಿಟ್ಟು ಬದುವಿನ ಮೇಲೆ ಕುಳಿತುಕೊಂಡ.

ಮಗ ಜಾಕೀರ್ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲರ ಅಂಗಡಿ ನೋಡಿಕೊಳ್ಳುತ್ತಾನೆ. ಆ ಸಂಜೆ ಬೈಕು ಬದುವಿಗೆ ನಿಲ್ಲಿಸಿ ಬಂದವನು ತಂದೆಯ ಮುಖ ನೋಡಿದ, ಕೈಯಲ್ಲಿದ್ದ ಹೊಟ್ಟು ನೋಡಿದ.

"ಅಬ್ಬಾ, ಇಷ್ಟ ದಿನ ನಾ ಮಾತಾಡ್ಲಿಲ್ಲ," ಎಂದ. "ಅಮ್ಮಾನ ಜ್ವಾಳ, ಅಮ್ಮಾನ ಜ್ವಾಳ ಅಂತ ನೀವು ಬಿತ್ತೀರಿ. ಆದ್ರ ಇದು ಅಮ್ಮಾನ ಜ್ವಾಳ ಅಲ್ಲ. ಆಕಿ ಇದ್ದಾಗ ಹಿಂಗ ಇರಲೇ ಇಲ್ಲ. ಈ ಸಲ ಕೊಯ್ಲು ಮುಗೀಲಿ, ಮುಂದ ಇಡೀ ಹೊಲಕ್ಕ ಗೋವಿನಜ್ವಾಳ ಹಾಕ್ತೇನಿ. ಊರೆಲ್ಲಾ ಅದನ್ನ ಹಾಕ್ಯಾರ. ನಾವ ಏನ್ ಆಕಾಶದಿಂದ ಇಳದೇವಿ?"

ಮೆಕ್ಕೆಜೋಳ ಹಾಕುವ ಮಾತಾಡುವಾಗ ಮಗನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಬ್ದುಲರಜಾಕನೂ ಒದರಾಡಿ ಹಗುರಾಗುತ್ತಿದ್ದ. "ಇದು ಅಮ್ಮಾನ ಜ್ವಾಳ ಅಲ್ಲ" ಎಂಬ ಒಂದೇ ಮಾತು ಅವನ ಕರುಳಿಗೆ ಚುಚ್ಚಿತು, ಏಕೆಂದರೆ ಅದು ಖರೇ ಇತ್ತು.

ಅಮ್ಮ ಎಂದರೆ ಅಕ್ಬರಬಿ, ಅವನ ಹೆಂಡತಿ. ತೀರಿಹೋಗಿ ಮೂರನೆಯ ವರ್ಷ. ಮದುವೆಯಾಗಿ ಬಂದಾಗ ತವರಿನಿಂದ ತಂದ ಬಿಳಿಜೋಳದ ಬೀಜವನ್ನು ಇಪ್ಪತ್ತೆಂಟು ವರ್ಷ ಈ ನಾಲ್ಕು ಎಕರೆಯಲ್ಲಿ ಉಳಿಸಿಕೊಂಡು ಬಂದವಳು ಅವಳೇ. ಮಳೆ ಕೈಕೊಟ್ಟ ವರ್ಷಗಳು ಬಂದವು, ಹೋದವು. ಅಕ್ಕಪಕ್ಕದ ಹೊಲದವರು ತಲೆಯ ಮೇಲೆ ಕೈಹೊತ್ತು ಕುಳಿತಾಗಲೂ ಇವರ ತೆನೆ ತುಂಬದೆ ಉಳಿದದ್ದಿಲ್ಲ. ಅದು ತನ್ನ ನೇಗಿಲಿನ ಗುಣ ಎಂದು ಅಬ್ದುಲರಜಾಕ ಚಹಾ ಅಂಗಡಿಯಲ್ಲಿ ಕುಳಿತು ಕೊಚ್ಚಿಕೊಳ್ಳುತ್ತಿದ್ದ. ಅಕ್ಬರಬಿ ಎಂದೂ ಎದುರು ಮಾತಾಡಿದವಳಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯಿತು ಅವಳ ಕತೆ.

ಅವಳು ಹೋದ ಮೇಲೆ ಬೀಜದ ತೆನೆ ಆರಿಸುವ ಕೆಲಸ ಅವನ ಪಾಲಿಗೆ ಬಂತು. ಅವಳ ಹೆಸರಿಗೆ ಕುಂದು ಬರಬಾರದೆಂದು, ಕಣ್ಣೀರು ಒರೆಸಿಕೊಳ್ಳುತ್ತ, ಇಡೀ ಹೊಲದಲ್ಲಿ ಎಲ್ಲಕ್ಕಿಂತ ಎತ್ತರದ, ಎಲ್ಲಕ್ಕಿಂತ ದಪ್ಪ ದಂಟಿನ ಗಿಡಗಳನ್ನು ಹುಡುಕಿ ಹುಡುಕಿ ತೆನೆ ಕಿತ್ತ. ಮರುವರ್ಷ ಬೆಳೆ ಮೊಳದುದ್ದ ಮೇಲೆದ್ದಿತು. ಆ ವರ್ಷ ಹಿಂಗಾರಿ ಮಳೆ ತಡವಾಗಿ, ತೆನೆ ತುಂಬುವ ಹೊತ್ತಿಗೆ ಬಂದದ್ದರಿಂದ ಕಾಳೂ ಕಟ್ಟಿತು. ಅವನಿಗೆ ಹುರುಪು ಬಂದು, ಅವುಗಳಲ್ಲೂ ಮತ್ತೆ ಎತ್ತರದ್ದನ್ನೇ ಆರಿಸಿದ. ಅಕ್ಬರಬಿ ಬಿಟ್ಟುಹೋಗಿದ್ದ ಹಳೆಯ ಬೀಜ ಹುಳು ಹಿಡಿಯುತ್ತದೆಂದು ಬೀಸಿ ರೊಟ್ಟಿ ಮಾಡಿ ತಿಂದೂ ಆಗಿತ್ತು. ಪ್ರೀತಿಯಿಂದ ಕೆಡಿಸಿದ ಕೆಲಸಕ್ಕೆ ಬೈಯುವವರಾದರೂ ಯಾರು?

ಮರುದಿನ ಬೆಳಿಗ್ಗೆ ಅವನು ಹೊಲಕ್ಕೆ ಹೋಗಿ, ಒಂದು ಗಿಡವನ್ನು ಬೇರುಸಹಿತ ಕಿತ್ತು, ಹೆಗಲ ಮೇಲೆ ಹೊತ್ತು, ರಾಣೆಬೆನ್ನೂರಿನ ಬಸ್ಸಿಗೆ ನಿಂತ. ಒಂಬತ್ತು ಅಡಿಯ ಜೋಳದ ಗಿಡ ಬಸ್ಸಿನೊಳಗೆ ಹೇಗೆ ಹಿಡಿಸಬೇಕು? ಒಂದು ತುದಿ ಡ್ರೈವರನ ಕಿವಿಗೆ, ಇನ್ನೊಂದು ತುದಿ ಹಿಂದಿನ ಸೀಟಿನ ಮುದುಕಿಯ ಮಡಿಲಿಗೆ.

"ಏ ಯಜಮಾನ, ಮುರದ ಹಾಕ ಅದನ್ನ!" ಎಂದ ಕಂಡಕ್ಟರ್.

"ಮುರೀಬಾರ್ದಪ ತಮ್ಮಾ. ಎತ್ತರ ತೋರಸಾಕಂತನ ಒಯ್ಯಾಕತ್ತೇನಿ."

"ಹಂಗಾರ ಅದಕ್ಕೂ ಒಂದ ಟಿಕೀಟ ತಗೋ. ನಿನಗಿಂತ ಉದ್ದ ಐತಿ."

ಬಸ್ಸೆಲ್ಲ ನಕ್ಕಿತು. ಅಬ್ದುಲರಜಾಕ ನಗಲಿಲ್ಲ.

ರಾಣೆಬೆನ್ನೂರಿನ ಹೊರಗೆ, ಬೆಳೆಗಳನ್ನು ಪರೀಕ್ಷೆ ಮಾಡುವ ಹೊಲದಲ್ಲಿ, ಶೈಲಶ್ರೀ ಎಂಬ ವಿಜ್ಞಾನಿ ಕೆಲಸ ಮಾಡುತ್ತಿದ್ದಳು. ಹಾವೇರಿ ಕಡೆಯ ಹುಡುಗಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಗುರುತು ಹಾಕಿದ ಅಳತೆಗೋಲು ಹಿಡಿದು ಜೋಳದ ಸಾಲುಗಳ ನಡುವೆ ಓಡಾಡುತ್ತಿದ್ದಳು. ಇವನ ಗಿಡ ನೋಡಿ ಮೊದಲು ನಕ್ಕಳು, ಆಮೇಲೆ ತೆನೆ ತಿಕ್ಕಿ ನೋಡಿ ನಗು ನಿಲ್ಲಿಸಿದಳು.

"ಹಿಂಗಾರಿ ಜ್ವಾಳಕ್ಕ ಮ್ಯಾಲಿಂದ ನೀರು ಬರಂಗಿಲ್ರಿ, ನಿಮಗ ನಾ ಹೇಳೂದ ಬ್ಯಾಡ," ಎಂದಳು. "ಎರಿಮಣ್ಣಾಗ ಎಷ್ಟ ಉಳದಿರ್ತೈತಿ ಅಷ್ಟ. ಇದು ದಂಟ ಬೆಳಸಾಕ, ಎಲಿ ಬೆಳಸಾಕ ಅಂತ ಡಿಸೆಂಬರದಾಗ ಎಲ್ಲಾ ಕುಡದ ಬಿಟ್ಟೈತಿ. ಕಾಳ ಕಟ್ಟೂ ಹೊತ್ತಿಗೆ ಬಿಸಲೂ ಬಂತು, ಬುಡದಾಗ ನೀರೂ ಇಲ್ಲ. ಮದವಿ ಹಿಂದಿನ ದಿನಾನ ಅಡಗಿ ಎಲ್ಲಾ ಉಂಡ ಮುಗಿಸಿದಂಗ ಆತು."

"ಹಂಗಾರ ಗಿಡ್ಡ ಇದ್ದಷ್ಟೂ ಛಲೋ ಅನ್ರಿ?"

"ಅದೂ ಅಲ್ರಿ. ಬರ್ರಿ, ತೋರಸ್ತೇನಿ."

ಸೊಂಟದೆತ್ತರದ ಜೋಳದ ಸಾಲೊಂದರ ಮುಂದೆ ಅವಳು ಬಗ್ಗಿ ನಿಂತಳು. ಅದರ ತೆನೆಯೂ ಅರ್ಧ ಸುಟ್ಟಂತಿತ್ತು. "ಬಿರಕ ಬಿಟ್ಟ ನೆಲದ ಝಳ ನೋಡ್ರಿ, ಕೈ ಇಡ್ರಿ ಇಲ್ಲೆ. ಅದು ಸೀದಾ ತೆನಿಗೆ ಬಡೀತೈತಿ. ಮತ್ತ, ಕಷ್ಟಕಾಲಕ್ಕ ಇರ್ಲಿ ಅಂತ ಬೆಳಿ ದಂಟಿನ್ಯಾಗ ಸಿಹಿ ಕೂಡಿಸಿ ಇಟ್ಟಿರ್ತೈತಿ. ಬೇರಿಗೆ ನೀರು ಸಿಗದಾಗ ಅದನ್ನ ಕಾಳಿಗೆ ಕಳಸ್ತೈತಿ. ದಂಟ ಇಲ್ಲಾಂದ್ರ ಬುತ್ತಿ ಎಲ್ಲಿ ಕಟ್ಟಬೇಕ್ರಿ? ಎಲ್ಲಾ ಬೆಳಿಗೂ, ಎಲ್ಲಾ ನೆಲಕ್ಕೂ ಇದ ಮಾತು ಅನ್ನಂಗಿಲ್ಲ. ನಿಮ್ಮಂಥ ಹೊಲಕ್ಕ ಬಾಳ ಎತ್ತರನೂ ನಡ್ಯಂಗಿಲ್ಲ, ಬಾಳ ಗಿಡ್ಡನೂ ನಡ್ಯಂಗಿಲ್ಲ. ನಿಮ್ಮ ಹಳೇ ಜ್ವಾಳ ಎಷ್ಟ ಎತ್ತರ ಇತ್ತು?"

ಅಬ್ದುಲರಜಾಕ ಯೋಚಿಸಲಿಲ್ಲ. ಅವನ ಕೈ ತಾನೇ ಎದ್ದು ಹುಬ್ಬಿನ ಮೇಲೆ ನಿಂತಿತು. "ಇಲ್ಲಿಗೆ," ಎಂದ.

ಶೈಲಶ್ರೀ ಅಳತೆಗೋಲನ್ನು ಅವನ ಮೈಗೆ ತಾಗಿಸಿ ಹಿಡಿದು ಹುಬ್ಬಿನ ಮಟ್ಟ ನೋಡಿದಳು. "ನಾವು ನಾಕ ವರ್ಷದಿಂದ ಹುಡುಕಾಕತ್ತಿದ್ದೂ ಹೆಚ್ಚೂ ಕಡಿಮಿ ಇಷ್ಟ ಎತ್ತರದ್ದ ಐತ್ರಿ," ಎಂದಳು ಆಶ್ಚರ್ಯದಿಂದ. "ಬೀಜದ ತೆನಿ ಯಾರ ಆರಸ್ತಿದ್ರು?"

"ನಮ್ಮ ಮನಿಯಾಕಿ."

"ಹೆಂಗ ಆರಸ್ತಿದ್ರು?"

"ಹೆಂಗ ಅಂದ್ರ... ಕೊಯ್ಲಿಗೆ ಮೊದಲ ಒಂದ ಜುಮೇರಾತಿನ ದಿನ, ನಿಮ್ಮ ಗುರುವಾರ, ಬುಟ್ಟಿ ತಗೊಂಡ ಹೊಲಕ್ಕ ಹೋಗ್ತಿದ್ಲು. ಬಿಸ್ಮಿಲ್ಲಾ ಅಂದ ಕೀಳ್ತಿದ್ಲು. ಒಂದ ಪದ್ಧತಿ ಇತ್ತ ಆಕೀದು. ಬೀಜದ ತೆನಿ ಕೀಳೂವಾಗ ನಾವೂ ಬಗ್ಗಬಾರ್ದು, ದಂಟನ್ನೂ ಬಗ್ಗಸಬಾರ್ದು ಅಂತಿದ್ಲು. ಆಕೀ ತವರಮನಿ ಕಡೆ ಹಂಗಂತ."

"ಅವರು ಎಷ್ಟ ಎತ್ತರ ಇದ್ರು?"

ಅಬ್ದುಲರಜಾಕ ಎದೆಯ ಹತ್ತಿರ ಅಂಗೈ ಹಿಡಿದು ತೋರಿಸಿದ. "ಇಲ್ಲಿಗೆ. ಗಿಡ್ಡಿ ಅಂತಿದ್ದೆ ನಾನು."

"ಕೈ ಎತ್ತಿದ್ರ?"

ಪ್ರತಿ ಈದ್ ಹಬ್ಬದ ಬೆಳಿಗ್ಗೆ ಅವಳು ಅವನ ಟೋಪಿ ಸರಿಮಾಡಲು ಬರುತ್ತಿದ್ದಳು. ಕಾಲಬೆರಳ ಮೇಲೆ ನಿಲ್ಲುತ್ತಿರಲಿಲ್ಲ, ಹಠಮಾರಿ. ಕೈ ಎತ್ತುತ್ತಿದ್ದಳು, ಬೆರಳ ತುದಿ ಅವನ ಹುಬ್ಬಿಗೆ ಬಂದು ನಿಲ್ಲುತ್ತಿತ್ತು. "ಒಂಚೂರ ಬಗ್ಗರಿ, ಜಾಕೀರನ ಅಬ್ಬಾ" ಎನ್ನುತ್ತಿದ್ದಳು. ಅವನು ಬೇಕೆಂದೇ ಬಗ್ಗದೆ ನಿಂತು ಅವಳನ್ನು ಕಾಡಿಸುತ್ತಿದ್ದ. ಆ ಬೆರಳುಗಳ ತಣ್ಣನೆಯ ತುದಿ ಈಗ ಹುಬ್ಬಿಗೆ ತಾಗಿದಂತಾಯಿತು. ಅವನು ಬದುವಿನ ಮೇಲೆ ಕುಳಿತುಬಿಟ್ಟ.

ಇಪ್ಪತ್ತೆಂಟು ವರ್ಷ ಅವಳ ಕೈಗೆ ಸಿಕ್ಕ ತೆನೆಯೇ ಬೀಜವಾಗಿತ್ತು, ಬೀಜವೇ ಬೆಳೆಯಾಗಿತ್ತು. ವರ್ಷವರ್ಷವೂ ಬೆಳೆ ಅವಳ ಕೈಯ ಅಳತೆಗೆ ಬರುತ್ತ ಬರುತ್ತ ಕೊನೆಗೆ ನಾಲ್ಕು ಎಕರೆಯ ತುಂಬ ಅಕ್ಬರಬಿಯ ಕೈಯೆತ್ತರವೇ ನಿಂತಿತ್ತು. ಅವಳು ಮಣ್ಣಿಗೆ ಹೋದ ಮೇಲೂ ಒಂದು ವರ್ಷ ನಿಂತಿತ್ತು. ತಾನೇ, ತನ್ನ ಕೈಯಾರೆ, ಅದನ್ನು ಅಳಿಸಿಬಿಟ್ಟಿದ್ದ.

"ನಮ್ಮ ಕಡೆ ಛಲೋ ಬೀಜ ಅದಾವ್ರಿ, ಒಯ್ಯಿರಿ," ಎಂದಳು ಶೈಲಶ್ರೀ ಮೆಲ್ಲಗೆ.

"ನಿಮ್ಮ ಬೀಜ ಛಲೋನ ಇರ್ತಾವ ತಾಯಿ, ಇಲ್ಲ ಅನ್ನಂಗಿಲ್ಲ. ನನಗ ಆಕೀದು ಬೇಕು."

"ಯಾರಿಗರ ಕೊಟ್ಟಿದ್ರೇನು ಅವರು? ಹೆಣಮಕ್ಕಳು ಬೀಜ ಕೊಡೂದು ತಗೊಳ್ಳೂದು ಮಾಡ್ತಾರಲ್ಲ."

ಅಬ್ದುಲರಜಾಕ ಸಟ್ಟನೆ ತಲೆ ಎತ್ತಿದ. ಕೊಟ್ಟಿದ್ದಳು! ಹನ್ನೊಂದು ವರ್ಷದ ಹಿಂದೆ ಹೊಳೆ ಉಕ್ಕಿ ಗಳಗನಾಥದಲ್ಲಿ ಅವಳ ಗೆಳತಿ ಹೊನ್ನವ್ವನ ಬೀಜ ತೊಯ್ದುಹೋದಾಗ, ಅಕ್ಬರಬಿ ಎರಡು ಸೇರು ಬೀಜ ಕಟ್ಟಿಕೊಂಡು ತವರಿಗೆ ಹೋಗಿದ್ದಳು. ಒಯ್ದ ಗಿಡವನ್ನು ಅಲ್ಲೇ ಬಿಟ್ಟು, ಮನೆಗೂ ಹೋಗದೆ, ಸಿಕ್ಕ ಬಸ್ಸು ಹತ್ತಿದ. ಮನೆಯಲ್ಲಿ ಕಳೆದ ಹೆಂಡತಿ ಗಳಗನಾಥದಲ್ಲಿ ಸಿಕ್ಕಳೆಂದು ಯಾರೋ ಸುದ್ದಿ ಕೊಟ್ಟ ಹಾಗೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು.

ಗಳಗನಾಥದಲ್ಲಿ ವರದೆ ಬಂದು ತುಂಗಭದ್ರೆಯನ್ನು ಸೇರುತ್ತಾಳೆ. ಗುಡಿಯ ಹಿಂದಿನ ಓಣಿಯಲ್ಲಿ ಹೊನ್ನವ್ವನ ಮನೆ. ಊರಿನಲ್ಲೇ ಇದ್ದ ಸೋದರಮಾವನಿಗೆ ಕೊಟ್ಟಿದ್ದರಿಂದ ಅವಳು ಹುಟ್ಟಿದ ಓಣಿ ಬಿಟ್ಟು ಹೋದವಳಲ್ಲ. ಅಕ್ಬರಬಿಯೂ ಅವಳೂ ಒಂದೇ ಅಂಗಳದಲ್ಲಿ ಕುಂಟಾಟ ಆಡಿ ಬೆಳೆದವರು. ಅಬ್ದುಲರಜಾಕ ಕೂಗಿದಾಗ ಅವಳು ಒಳಗಿನಿಂದ, ಬಾಗಿಲ ತೊಲೆಗೆ ತಲೆ ತಾಗದಂತೆ ಬಗ್ಗಿ ಹೊರಗೆ ಬಂದಳು. ಗಂಡಸರ ಎತ್ತರದ ಹೆಂಗಸು.

"ಅಯ್ಯ ಶಿವನ, ರಜಾಕಣ್ಣ! ಏನ ಹಿಂಗ ಬಿಸಲಾಗ? ಕುಂದರ, ಮಜ್ಜಗಿ ತರ್ತೇನಿ."

"ಮಜ್ಜಗಿ ಆಮ್ಯಾಲೆ ಕುಡೀತೇನವ್ವ. ಮೊದಲ ನಿಮ್ಮ ಹೊಲಾ ತೋರಸು. ಆಕಿ ಕೊಟ್ಟ ಜ್ವಾಳ ಬಿತ್ತೀಯಲ್ಲ ಇನ್ನೂ?"

"ಅದನ್ನ ಬಿಟ್ಟ ಬ್ಯಾರೇದು ಮುಟ್ಟಿಲ್ಲ ನಾನು."

ಅವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಳೆದಂಡೆಯ ಹೊಲಕ್ಕೆ ಹೊನ್ನವ್ವನಿಗಿಂತ ಮುಂದೆ ನಡೆದ. ಬದು ಹತ್ತಿ, ಸಾಲಿನೊಳಗೆ ಇಳಿದು, ನೆಟ್ಟಗೆ ನಿಂತು, ಹುಬ್ಬಿನ ಮೇಲೆ ಕೈಯಿಟ್ಟು ನೋಡಿದ. ಹುಬ್ಬಿನ ಮಟ್ಟದಲ್ಲಿ ಬರೀ ಎಲೆ. ತೆನೆಗಳು ಅವನ ತಲೆಯ ಮೇಲೆ, ಒಂದೂವರೆ ಗೇಣು ಎತ್ತರದಲ್ಲಿ ನಿಂತಿದ್ದವು. ಇನ್ನೊಂದು ಸಾಲಿಗೆ ಹೋದ, ಅಲ್ಲೂ ಅಷ್ಟೇ. ಹೊಲದ ಆಚೆ ತುದಿಗೆ ಹೋದ. ಒಂದು ತೆನೆ ಕಿತ್ತು ತಿಕ್ಕಿದ. ಅರ್ಧ ಕಾಳು, ಅರ್ಧ ಜೊಳ್ಳು.

"ಇದಲ್ಲವ್ವ," ಎಂದ.

"ಅದ ಅಣ್ಣಾ, ಆಣಿ ಮಾಡಿ ಹೇಳ್ತೇನಿ. ಬೆರಕಿ ಮಾಡಿಲ್ಲ ನಾ. ನಮ್ಮವ್ವ ಕಲಿಸಿದಂಗನ ಬೀಜ ಆರಸ್ತೇನಿ. ನಾ ಬಗ್ಗಂಗಿಲ್ಲ, ದಂಟ ಬಗ್ಗಸಂಗಿಲ್ಲ. ನನಗೂ ಅಕ್ಬರಬಿಗೂ ನಮ್ಮವ್ವನ ಕಲಿಸಿದ್ದು."

ಹೀಗೆಂದು ಹೊನ್ನವ್ವ ತೋರಿಸುವುದಕ್ಕೆ ಕೈ ಎತ್ತಿದಳು. ಅವಳ ಉದ್ದ ತೋಳು ಸುತ್ತಲಿನ ತೆನೆಗಳ ಕುತ್ತಿಗೆಗೆ ಸರಿಯಾಗಿ ಹೋಗಿ ನಿಂತಿತು. ಅಬ್ದುಲರಜಾಕ ನೋಡಿದ. ಹನ್ನೊಂದು ವರ್ಷದಲ್ಲಿ ಅಕ್ಬರಬಿಯ ಜೋಳ ಹೊನ್ನವ್ವನ ಜೋಳವಾಗಿತ್ತು. ಲೋಕದಲ್ಲಿ ಎಲ್ಲಿ ಹುಡುಕಿದರೂ ಅವಳದು ಸಿಗುವುದಿಲ್ಲ, ಏಕೆಂದರೆ ಆ ಕೈ ಇಲ್ಲ.

ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು, ಮಜ್ಜಿಗೆ ಮುಂದಿಟ್ಟುಕೊಂಡು, ಅವನು ರಾಣೆಬೆನ್ನೂರಿನಲ್ಲಿ ತಿಳಿದದ್ದನ್ನೆಲ್ಲ ಹೇಳಿದ. ಹೊನ್ನವ್ವ ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕಳು. "ಗಿಡ್ಡಿ ಭಾರಿ ಇದ್ಲು ಬಿಡ! ಹೊಲಾನ ತನ್ನ ಅಳತಿಗೆ ಹೊಲಿಸಿಕೊಂಡ್ಲು!" ನಗುತ್ತ ನಗುತ್ತ ಅವಳ ಕಣ್ಣು ತುಂಬಿ ಬಂತು.

"ಪಾಪ, ಆಕಿಗೆ ಅದು ಗೊತ್ತ ಇರಲಿಲ್ಲ ಅಣ್ಣಾ," ಎಂದಳು. "ಆಕಿ ಏನ ಅಂತಿದ್ಲು ಗೊತ್ತೈತೇನ ನಿನಗ? ಕಡೀ ಸಲ ಬಂದಾಗ ಇದ ಕಟ್ಟಿ ಮ್ಯಾಲ ಕುಂತ ಅಂದ್ಲು. 'ಹೊನ್ನಿ, ನಿನ್ನಂಗ ಉದ್ದನ್ನ ಕೈ ಇದ್ದಿದ್ರ ಎಷ್ಟ ಛಲೋ ಇತ್ತು. ನಂದು ಬರೇ ಕೈಗೆ ಸಿಕ್ಕಿದ್ದು. ಛಲೋ ತೆನಿ ಎಲ್ಲಾ ಮ್ಯಾಲ ಉಳೀತಾವ. ಅದಕ್ಕ ವರ್ಷಾ ಇವರನ್ನ ಕರೀತೇನಿ, ಬರ್ರಿ, ಮ್ಯಾಲಿಂದು ಕಿತ್ತ ಕೊಡ್ರಿ ಅಂತ. ಬರಂಗಿಲ್ಲ' ಅಂದ್ಲು."

ಅಬ್ದುಲರಜಾಕನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

ಕರೆಯುತ್ತಿದ್ದಳು, ಹೌದು. ಪ್ರತಿ ವರ್ಷ, ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲಿ ನಿಂತು, "ಒಂದ ತಾಸ ಬರ್ರಲ್ಲ" ಎನ್ನುತ್ತಿದ್ದಳು. ಯಾಕೆ ಎಂದು ಅವನು ಎಂದೂ ಕೇಳಲಿಲ್ಲ. ಬೀಜ ಆರಿಸುವುದು ಹೆಂಗಸರ ಕೆಲಸ. ಆರಡಿ ಗಂಡಸು ಹೆಂಡತಿಯ ಹಿಂದೆ ಬುಟ್ಟಿ ಹಿಡಿದು ಹೊಲ ಸುತ್ತಿದರೆ ಚಹಾ ಅಂಗಡಿಯವರು ಬಿಡುತ್ತಾರೆಯೇ? "ನೀನ ಹೋಗ, ನನಗ ಕೆಲಸೈತಿ" ಎಂದು ಟಾವೆಲ್ಲು ಕೊಡವಿ ಹೋಗುತ್ತಿದ್ದ. ಕೆಲಸವೆಂದರೆ ಚಹಾ ಅಂಗಡಿ. ಅಲ್ಲಿ ಕುಳಿತು ತನ್ನ ನೇಗಿಲಿನ ಗುಣ ಹೊಗಳಿಕೊಳ್ಳುತ್ತಿದ್ದ. ಉದ್ದ ಇದ್ದವನ ಬುದ್ಧಿ ಮೊಣಕಾಲಿನಲ್ಲಿ ಎನ್ನುವುದು ಸುಳ್ಳಲ್ಲ.

"ಒಂದ ಲೆಕ್ಕಕ್ಕ ನೀ ಬರಲಿಲ್ಲ, ಪುಣ್ಯಾ ಬಂತು," ಎಂದಳು ಹೊನ್ನವ್ವ, ಅವನನ್ನು ಸಮಾಧಾನ ಮಾಡಲು. "ಬಂದಿದ್ರ ಮ್ಯಾಲಿಂದೆಲ್ಲಾ ಕಿತ್ತಕೊಡ್ತಿದ್ದಿ, ಆ ಜ್ವಾಳ ಹಂಗ ಆಗ್ತಿದ್ದಿಲ್ಲ."

ಮಾತು ಸರಿಯಿತ್ತು. ಸಮಾಧಾನ ಮಾತ್ರ ಆಗಲಿಲ್ಲ. ಅಕ್ಬರಬಿ ತಾನು ಆರಿಸಿದ್ದು ಕೆಳಗೆ ಉಳಿದ ಸಾಧಾರಣ ತೆನೆ, ಒಳ್ಳೆಯದು ತನಗೆ ಎಂದೂ ಸಿಗಲಿಲ್ಲ ಎಂದುಕೊಂಡೇ ತೀರಿಹೋಗಿದ್ದಳು. ನಿನ್ನದೇ ಎಲ್ಲಕ್ಕಿಂತ ಒಳ್ಳೆಯದು ಎಂದು ಅವಳಿಗೆ ಹೇಳುವವರಿರಲಿಲ್ಲ. ಹೇಳಬೇಕಾದವನು ಚಹಾ ಕುಡಿಯುತ್ತ ಕುಳಿತಿದ್ದ. ಊರಿಗೆ ಮರಳುವ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕುಳಿತ. ಅವಳನ್ನು ಒಂದು ಸಲ, ಒಂದೇ ಒಂದು ಸಲ ನೋಡಬೇಕೆನಿಸಿತು. ಅರ್ಧ ತಾಸು ಸಾಕು. ಬೇರೇನೂ ಬೇಡ, ಜೋಳದ ಮಾತು ಹೇಳಿ ಬಿಡುತ್ತಿದ್ದ.

ಮೂರು ದಿನ ಅವನು ಬೆಳಗಾದರೆ ಹೊಲಕ್ಕೆ ಹೋಗಿ ಬದುವಿನ ಮೇಲೆ ಕುಳಿತು ಬಂದ. ನಾಲ್ಕನೆಯ ದಿನ ಜುಮೇರಾತ್. ಬೆಳಿಗ್ಗೆ ಸೊಸೆ ಫರ್ಹಾನಾ ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಫರ್ಹಾನಾ, ಬುಟ್ಟಿ ತಗೋ ಬೇಟಾ. ಹೊಲಕ್ಕ ಹೋಗೂನು. ಬೀಜದ ತೆನಿ ಆರಸೂದೈತಿ."

ಜಾಕೀರ್ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದ. "ಆ ಜೊಳ್ಳಿನ್ಯಾಗ ಏನ ಆರಸ್ತೀರಿ ಅಬ್ಬಾ?"

"ನಾ ಕೆಡಿಸಿದ್ದು ಎರಡ ವರ್ಷಪ್ಪ. ನಿಮ್ಮಮ್ಮ ಮಾಡಿದ್ದು ಇಪ್ಪತ್ತೆಂಟ ವರ್ಷ. ಅಷ್ಟ ಲಗೂ ಪೂರಾ ಹೋಗಂಗಿಲ್ಲ. ಅಲ್ಲೊಂದ ಇಲ್ಲೊಂದ ಉಳದಿರ್ತೈತಿ. ಬದುವಿನ ಬಾಜೂಕ ಎಂಟ ಸಾಲ ನನಗ ಬಿಡು. ಉಳದಿದ್ದಕ್ಕ ನಿನ್ನ ಗೋವಿನಜ್ವಾಳ ಹಾಕ್ಕೋ."

ಜಾಕೀರ್ ತಂದೆಯ ಮುಖ ನೋಡಿದ. "ಹನ್ನೆರಡ ಹಾಕ್ಕೋರಿ," ಎಂದು ಬೈಕು ಚಾಲು ಮಾಡಿ ಹೋದ.

ಹೊಲದಲ್ಲಿ ಅಬ್ದುಲರಜಾಕ ಮುಂದೆ, ಫರ್ಹಾನಾ ಹಿಂದೆ. ಕೋಲು ಬೇಡ, ಪಟ್ಟಿ ಬೇಡ, ಅವನ ಹುಬ್ಬೇ ಅಳತೆ. ತಲೆ ಎತ್ತಿ ನೋಡಬೇಕಾದ ತೆನೆ ಬೇಡ. ತಲೆ ತಗ್ಗಿಸಿ ನೋಡಬೇಕಾದದ್ದೂ ಬೇಡ. ಸೀದಾ ನಡೆದಾಗ ಮುಖಕ್ಕೆ ಮುಖ ಎದುರಾಗುವುದಷ್ಟೇ ಬೇಕು. ಮೊದಲ ಅರ್ಧ ಎಕರೆಯಲ್ಲಿ ಒಂದೂ ಸಿಗಲಿಲ್ಲ. ಫರ್ಹಾನಾ ಖಾಲಿ ಬುಟ್ಟಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು. ಮಾವನಿಗೆ ಬಿಸಿಲು ತಲೆಗೇರಿತೇನೋ ಎಂದು ಅವಳಿಗೆ ಒಳಗೊಳಗೇ ಅಂಜಿಕೆ.

ಆಮೇಲೆ ಒಂದು ಎದುರಾಯಿತು. ಎತ್ತರದ ದಂಟುಗಳ ನಡುವೆ, ತನ್ನ ಪಾಡಿಗೆ ತಾನು, ಅವನ ಕಣ್ಣಿನ ಮಟ್ಟಕ್ಕೆ ಬಿಳಿ ತೆನೆ ಹಿಡಿದುಕೊಂಡು ನಿಂತಿತ್ತು. ಅವನು ಕೆಳಗಿನಿಂದ ಎರಡು ಕಾಳು ಬಿಡಿಸಿ ಹಲ್ಲಿನಲ್ಲಿ ಕಡಿದ. ಗಟ್ಟಿ ಕಾಳು. ಸುತ್ತಲಿನವೆಲ್ಲ ಜೊಳ್ಳಾದ ಹೊಲದಲ್ಲಿ, ಅದೇ ಮಣ್ಣಿನಲ್ಲಿ, ಅದೇ ಬಿಸಿಲಿನಲ್ಲಿ ಗಟ್ಟಿ ಕಾಳು.

"ಬಿಸ್ಮಿಲ್ಲಾ," ಎಂದು ಕಿತ್ತು ಬುಟ್ಟಿಗೆ ಹಾಕಿದ. "ನಿಮ್ಮತ್ತಿ ಇಲ್ಲೇ ಅದಾಳ ನೋಡ್ ಬೇಟಾ," ಎಂದ. ಫರ್ಹಾನಾಗೆ ಈ ಸಲ ಅಂಜಿಕೆಯಾಗಲಿಲ್ಲ, ದುಃಖವಾಯಿತು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಲವತ್ತಮೂರು ತೆನೆ ಸಿಕ್ಕವು. ಹಳೆಯ ಬೆಳೆ ಬರಬೇಕಾದರೆ ಇನ್ನೂ ನಾಲ್ಕೈದು ವರ್ಷ ಹೀಗೇ ಆರಿಸಬೇಕು. ಅವನಿಗೀಗ ಅರವತ್ತಮೂರು. ಅಲ್ಲಾಹ್ ಆಯುಷ್ಯ ಕೊಟ್ಟರೆ ಆದೀತು, ಇಲ್ಲದಿದ್ದರೆ ಫರ್ಹಾನಾಗೆ ಅಳತೆ ಹೇಳಿಕೊಟ್ಟಾಯಿತು.

ಕೊನೆಯ ಸಾಲಿನ ತುದಿಯಲ್ಲಿ, ಪಕ್ಕದ ಹೊಲದ ಬೋರಿನ ಪೈಪು ಸೋರಿ ನೆಲ ಒದ್ದೆಯಾಗಿತ್ತು. ಅಲ್ಲೊಂದು ಗಿಡ ಮುಗಿಲಿಗೆ ಹೋಗಿತ್ತು. ಅದರ ತೆನೆ ಮಾತ್ರ ಜೊಳ್ಳಲ್ಲ, ಕೂಸಿನ ತಲೆಯಷ್ಟು ದೊಡ್ಡದು, ಮುತ್ತಿನಂಥ ಕಾಳು. ಫರ್ಹಾನಾ ಬುಟ್ಟಿ ಕೆಳಗಿಟ್ಟು, ಕೈ ಎತ್ತಿ, ಎಗರಿ ನೋಡಿದಳು.

"ಅಬ್ಬಾ, ನನಗ ಎಟಕವಲ್ದು. ಎಷ್ಟ ಚಂದ ಐತಿ ನೋಡ್ರಿ. ಮ್ಯಾಲಿಂದು ಒಂದ ಕಿತ್ತ ಕೊಡ್ರಲ್ಲ."

ಅಬ್ದುಲರಜಾಕ ನಿಂತಲ್ಲೇ ನಿಂತ. ಸೊಸೆಗೆ ಗಳಗನಾಥದ ಮಾತು ಏನೂ ಗೊತ್ತಿರಲಿಲ್ಲ, ಅವನು ಯಾರಿಗೂ ಹೇಳಿರಲಿಲ್ಲ. ಬೇಡ, ಅದು ನೀರು ಕುಡಿದು ಕೊಬ್ಬಿದ್ದು, ಬೀಜಕ್ಕೆ ಬರುವುದಿಲ್ಲ ಎಂದು ಹೇಳಬೇಕಾಗಿತ್ತು. ಆದರೂ ಹತ್ತಿರ ಹೋಗಿ, ಬದು ಹತ್ತಿ, ಎರಡೂ ಕೈ ಎತ್ತಿ, ತನ್ನ ಇಡೀ ಎತ್ತರವನ್ನು ಚಾಚಿ, ದಂಟು ಬಗ್ಗಿಸದೆ ಆ ತೆನೆಯನ್ನು ಕಿತ್ತ. ಫರ್ಹಾನಾ ಬುಟ್ಟಿ ಮುಂದೆ ಮಾಡಿದಳು.

"ಬುಟ್ಟ್ಯಾಗ ಬ್ಯಾಡ," ಎಂದ. "ಇದು ಬೀಜಕ್ಕಲ್ಲ. ನೀ ಮನಿಗೆ ನಡಿ, ನಾ ಹಿಂದಿಂದ ಬರ್ತೇನಿ."

ಅವನು ಹೆದ್ದಾರಿ ದಾಟಿ, ಬೇಲಿಯ ಪಕ್ಕದ ಕಾಲುದಾರಿ ಹಿಡಿದು ಖಬರಸ್ತಾನಕ್ಕೆ ಹೋದ. ಅಕ್ಬರಬಿಯ ಗೋರಿ ಬೇವಿನ ಗಿಡದ ಹತ್ತಿರ, ಅವಳಷ್ಟೇ ಸಣ್ಣದು. ಮೊದಲು ನಿಂತು ಫಾತಿಹಾ ಓದಿದ. ಆಮೇಲೆ ಅವಳ ಪಕ್ಕದಲ್ಲಿ ಮಣ್ಣಿನ ಮೇಲೆ ಕುಳಿತು, ಆ ದೊಡ್ಡ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಕಾಳುಗಳನ್ನು ಗುಬ್ಬಿ ತಿನ್ನಲೆಂದು ಗೋರಿಯ ಮೇಲೆ ಹರಡಿದ.

"ತಗೋ, ಮ್ಯಾಲಿಂದು ತಂದೇನಿ," ಎಂದ. "ಆದ್ರ ಇದು ಛಲೋದಲ್ಲ ಗಿಡ್ಡಿ. ನೀ ಆರಿಸಿದ್ದ ಛಲೋದು. ಊರಾಗ ಎಲ್ಲಾರಕಿಂತ ಛಲೋದು. ರಾಣೆಬೆನ್ನೂರಿನ ಮೇಡಮ್ಮಾರು ಕೋಲ ಹಿಡದ ಅಳದ ಹೇಳ್ಯಾರ. ನನ್ನ ನೇಗಲಿಂದು ಏನೂ ಇರಲಿಲ್ಲ ಅದರಾಗ."

ಹೇಳಬೇಕೆಂದು ಬಂದದ್ದು ಮುಗಿದಿತ್ತು. ಆದರೂ ಏಳಲಾಗಲಿಲ್ಲ.

"ನಾ ಬಂದಿದ್ರ ನಿನ್ನ ಜ್ವಾಳ ಕೆಡ್ತಿತ್ತು ಅಂದ್ಲು ಹೊನ್ನವ್ವ," ಎಂದ. "ಖರೇನ ಹೇಳಿದ್ಲು. ಕೆಟ್ಟಿದ್ರ ಕೆಡ್ತಿತ್ತು. ನಾ ಬರಬೇಕಾಗಿತ್ತು."

ಅಷ್ಟು ಹೇಳಿ, ಅರವತ್ತಮೂರು ವರ್ಷದ ಆ ಉದ್ದನೆಯ ಮನುಷ್ಯ ಮೊಣಕಾಲಿಗೆ ತಲೆ ಹಚ್ಚಿಕೊಂಡು ಅತ್ತ.